ಪಾರ್ಟ್‌ನರ್ ಅನ್ನುತ್ತೀರಿ, ‘ಬೇಡ’ ಎನ್ನುವ ಹಕ್ಕು ಕೊಡುತ್ತೀರಾ?

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ನಿಮ್ಮ ಉದ್ಯೋಗ ಪುಟದಲ್ಲಿ ಎಲ್‌ಎಲ್‌ಬಿ ಮುಗಿಸಿದವರಿಗೆ ಕಂಪನಿಗಳಲ್ಲಿ ಇರುವ ಅವಕಾಶಗಳ ಬಗ್ಗೆ ಒಂದು ಲೇಖನ ಬಂದಿತ್ತು. ಕಂಪನಿಯ ಒಳಗಿನ ವಕೀಲ ಈಗ ಅಗ್ರಿಮೆಂಟ್ ತಿದ್ದುವುದಕ್ಕಷ್ಟೇ ಸೀಮಿತನಲ್ಲ, ಅವನೂ ಬಿಸಿನೆಸ್ ಪಾರ್ಟ್‌ನರ್ ಅಂತ ಅದರಲ್ಲಿತ್ತು. ಓದಿ ಖುಷಿಯಾಯಿತು, ಯಾಕೆಂದರೆ ನಾನೂ ಅದೇ ಕೆಲಸದಲ್ಲಿದ್ದೇನೆ. ಆದರೆ ನೀವು ಅರ್ಧ ಕತೆ ಹೇಳಿ ಬಿಟ್ಟಿದ್ದೀರಿ. ಉಳಿದದ್ದನ್ನು ನಾನು ಬರೆಯುತ್ತೇನೆ. ಉದ್ದ ಜಾಸ್ತಿಯಾದರೆ ಕತ್ತರಿ ಹಾಕಿ, ಸುಪ್ರೀಂ ಕೋರ್ಟ್ ತೀರ್ಪಿನ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿ.

ಮೊದಲು ಒಪ್ಪಬೇಕಾದ್ದನ್ನು ಒಪ್ಪುತ್ತೇನೆ. ನಾನು ಸಿಟಿ ಸಿವಿಲ್ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಹತ್ತಿರ ಜೂನಿಯರ್ ಆಗಿದ್ದಾಗ ಕಂಪನಿಯ ಲಾ ಆಫೀಸರ್ ಅಂದರೆ ಬಗಲಲ್ಲಿ ಫೈಲ್ ಹಿಡಿದುಕೊಂಡು ಬರುವ ಮನುಷ್ಯ. ಮುಂದಿನ ಡೇಟ್ ಬರೆದುಕೊಳ್ಳುವುದು, ವಕಾಲತ್ತಿಗೆ ಸಹಿ ಹಾಕಿಸಿ ತರುವುದು, ನಮ್ಮ ಸೀನಿಯರ್ ಫೀಸಿನ ಬಿಲ್ ಪಾಸ್ ಮಾಡಿಸುವುದು, ಇಷ್ಟೇ ಅವರ ಕೆಲಸ. ಕಂಪನಿ ಏನು ಮಾರುತ್ತದೆ, ಎಲ್ಲಿ ಲಾಭ, ಎಲ್ಲಿ ಕೈ ಸುಟ್ಟುಕೊಂಡಿದೆ ಅಂತ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಹಾಗಿಲ್ಲ. 2025ರ ನವೆಂಬರ್ ಒಂದನ್ನೇ ತೆಗೆದುಕೊಳ್ಳಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಆ ತಿಂಗಳು ಹೊರಬಿದ್ದವು. ಅದೇ ತಿಂಗಳ 21ರಂದು 29 ಹಳೆಯ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಮೊದಲನೆಯದರಲ್ಲಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಎರಡನೆಯದರಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನ ಅಂತಲೇ ಲೆಕ್ಕ ಹಾಕಬೇಕು. ಅಂದರೆ ಗ್ರಾಚ್ಯುಟಿಯೂ ಏರುತ್ತದೆ. ಇದು ಎಚ್‌ಆರ್‌ನವರ ತಲೆನೋವೋ, ಫೈನಾನ್ಸ್‌ನವರದ್ದೋ, ನಮ್ಮದೋ? ಮೂವರದ್ದೂ. ನಮ್ಮ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆಯೂ 2025ರದ್ದೇ, ಅದರಲ್ಲಿ ಕಾರ್ಮಿಕರಿಗೆ ಮಾಡುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಇದೆ. ಡೆಲಿವರಿ ಆ್ಯಪ್ ನಡೆಸುವವರಿಗೆ ಇದು ಒಂದೊಂದು ಆರ್ಡರ್‌ನ ಲೆಕ್ಕದಲ್ಲೂ ಬಂದು ಕೂರುತ್ತದೆ.

ಕಾನೂನೇ ವ್ಯವಹಾರದ ಬುಡವಾಗಿರುವ ಕಂಪನಿಗಳೂ ಇವೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳದ್ದು ನೋಡಿ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಿತ್ತು. ಕೊನೆಗೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಸೂದೆ ಬಂತು, 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಹಣದ ಆಟ ಅಲ್ಲಿಗೆ ಬಂದ್. ಇಂಥ ಕಂಪನಿಯಲ್ಲಿ ಮುಂದಿನ ಐದು ವರ್ಷದ ಲೆಕ್ಕ ಹಾಕುವ ಸಭೆಗೆ ವಕೀಲನನ್ನು ಕರೆಯದೆ ಇದ್ದರೆ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ. ಇಲ್ಲಿಯವರೆಗೆ ನಿಮ್ಮ ಲೇಖನಕ್ಕೂ ನನಗೂ ಜಗಳ ಇಲ್ಲ.

ಜಗಳ ಇರುವುದು ಮುಂದಿನದ್ದರಲ್ಲಿ. ಪಾರ್ಟ್‌ನರ್ ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಸಿದ ಬಹಳಷ್ಟು ಕಡೆ ಲೀಗಲ್‌ನವರನ್ನು ಕರೆಯುವುದು ಯಾವಾಗ ಗೊತ್ತಾ? ಎಲ್ಲ ಮುಗಿದ ಮೇಲೆ. ಮದುವೆ ಊಟಕ್ಕೆ ಎಲೆ ಹಾಕಿದ ಮೇಲೆ ಜಾತಕ ಕೂಡುತ್ತದಾ ನೋಡಿ ಅಂದ ಹಾಗೆ. ನಾನು ಹತ್ತಿರದಿಂದ ಕಂಡ ಒಂದು ಪ್ರಸಂಗ ಹೇಳುತ್ತೇನೆ, ಕಂಪನಿ ಹೆಸರು ಬೇಡ. ತುಮಕೂರು ರಸ್ತೆಯ ಕಡೆ ಗೋಡೌನ್ ಕಟ್ಟಲು ಜಮೀನನ್ನು ದೀರ್ಘ ಅವಧಿಗೆ ಲೀಸ್‌ಗೆ ಪಡೆಯಬೇಕಿತ್ತು. ಬ್ರೋಕರ್ ಜತೆ ಮಾತಾಗಿ, ರೇಟ್ ನಿಕ್ಕಿಯಾಗಿ, ಅಡ್ವಾನ್ಸ್ ಹೋಗಿ, ಮುಖ್ಯ ಕಚೇರಿಗೆ ಪವರ್‌ಪಾಯಿಂಟ್ ಕೂಡ ಹೋಗಿತ್ತು. ಆಮೇಲೆ ‘ಡ್ರಾಫ್ಟ್ ಒಂದು ಸಲ ನೋಡಿಬಿಡಿ, ಸಂಜೆಯೊಳಗೆ ಬೇಕು’ ಅಂತ ಲೀಗಲ್‌ಗೆ ಮೇಲ್ ಬಂತು. ಡ್ರಾಫ್ಟ್‌ನಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ಪಹಣಿ, ಮ್ಯುಟೇಶನ್ ತೆಗೆಸಿ ನೋಡಿದಾಗ ಅದು ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರದಿಂದ ಮಂಜೂರಾದ ಜಮೀನು ಅನ್ನುವುದು ಗೊತ್ತಾಯಿತು. ನಮ್ಮಲ್ಲಿ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆ ಆಗದಂತೆ ತಡೆಯುವ ಕಾಯ್ದೆ ಇದೆ. ಇಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ, ಲೀಸ್‌ಗೂ ಕೊಡುವಂತಿಲ್ಲ. ಕೊಟ್ಟರೆ ವ್ಯವಹಾರವೇ ಅಸಿಂಧು, ಉಪವಿಭಾಗಾಧಿಕಾರಿ ಜಮೀನನ್ನು ವಾಪಸ್ ಮೂಲ ಕುಟುಂಬಕ್ಕೆ ಕೊಡಿಸಬಹುದು. 2023ರ ತಿದ್ದುಪಡಿ ಆದಮೇಲಂತೂ ಇದಕ್ಕೆ ಕಾಲಮಿತಿಯೂ ಇಲ್ಲ. ಆ ಕಾಯ್ದೆ ಇರುವುದೇ ಬಡವರ ಭೂಮಿ ಉಳಿಯಲಿ ಅಂತ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ, ಇರಬೇಕಾದ ಕಾನೂನೇ. ತಕರಾರು ಇರುವುದು ಆ ಪಹಣಿಯನ್ನು ಮೊದಲ ವಾರದಲ್ಲೇ ನೋಡಿದ್ದರೆ ಪಕ್ಕದ ಸರ್ವೆ ನಂಬರ್ ಹುಡುಕಬಹುದಿತ್ತಲ್ಲ ಅನ್ನುವುದರ ಬಗ್ಗೆ. ಕೊನೆಗೆ ಆ ಕಂಪನಿಯಲ್ಲಿ ಬೈಸಿಕೊಂಡವರು ಯಾರು? ‘ಪ್ರಾಜೆಕ್ಟ್ ನಿಲ್ಲಿಸಿದ’ ಲೀಗಲ್‌ನವರು. ನಮ್ಮ ವಿಭಾಗಕ್ಕೆ ಸೇಲ್ಸ್‌ನವರು ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ ಬಿಡಿ.

ಬೇಗ ಕರೆದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಕೊಡುತ್ತೇನೆ. ಇದು ದುಡ್ಡಿನ ಮಾತು, ಎಲ್ಲರಿಗೂ ಅರ್ಥವಾಗುತ್ತದೆ. ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗದವರಿಗೆ ಸಣ್ಣ ವೆಂಡರ್ ಹತ್ತಿರ 90 ದಿನದ ಕ್ರೆಡಿಟ್ ಪಡೆಯುವುದು ಒಂದು ಹೆಮ್ಮೆ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರಿಗೆ ಬೇರೆ ದಾರಿ ಇಲ್ಲ, ಆರ್ಡರ್ ಬೇಕಲ್ಲ, ಪಿಒ (ಪರ್ಚೇಸ್ ಆರ್ಡರ್) ಮೇಲೆ ಏನು ಬರೆದಿದ್ದರೂ ಸಹಿ ಹಾಕುತ್ತಾರೆ, ಅದೂ ಪೂರ್ತಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಆದರೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಒಪ್ಪಂದ ಇದ್ದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇಂಥ ಬಾಕಿಯ ಜಗಳ ತೀರ್ಮಾನಿಸುವ ಫೆಸಿಲಿಟೇಶನ್ ಕೌನ್ಸಿಲ್ ಕೊಟ್ಟ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕೊಳ್ಳುವ ಕಂಪನಿ ಶೇ 75 ಹಣವನ್ನು ಮೊದಲು ಠೇವಣಿ ಇಡಬೇಕು. ಇದರ ಮೇಲೆ 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯ ಪೆಟ್ಟೂ ಸೇರಿತು: ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲೇ ಖರ್ಚು ಅಂತ ತೋರಿಸಬೇಕು, ಅದಕ್ಕೂ ಮೊದಲು ಆಗುವುದಿಲ್ಲ. ಪರ್ಚೇಸ್‌ನವರು ಉಳಿಸಿದೆ ಅಂದುಕೊಂಡದ್ದು ಉಳಿತಾಯ ಆಗಲೇ ಇಲ್ಲ, ಅಲ್ವಾ? ಇಲ್ಲಿ ವಕೀಲ ‘90 ದಿನ ಆಗಲ್ಲ’ ಅಂತ ಕೆಂಪು ಗೆರೆ ಎಳೆದು ಮೇಲ್ ವಾಪಸ್ ಕಳಿಸಿದರೆ ಅವನದ್ದು ಹಳೇ ಕಾಲದ ಕೆಲಸ. ಫೈನಾನ್ಸ್‌ನವರ ಜತೆ ಕೂತು, ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಡಿಸ್ಕೌಂಟ್ ಮಾಡಿಸಿದರೆ, ಅಂದರೆ ಬಿಲ್ ಮೇಲೆ ಬ್ಯಾಂಕಿನಿಂದ ಮೊದಲೇ ಹಣ ಕೊಡಿಸಿದರೆ, ವೆಂಡರ್‌ಗೆ ಬೇಗ ದುಡ್ಡು ಸಿಗುತ್ತದೆ, ಬೇಗ ಕೊಟ್ಟರೆ ದರದಲ್ಲಿ ಸ್ವಲ್ಪ ಕಡಿತ ಕೇಳಬಹುದು ಅಂತ ದಾರಿ ತೋರಿಸಿದರೆ ಅವನು ವ್ಯವಹಾರ ಗೊತ್ತಿರುವ ವಕೀಲ. ವೆಂಡರ್‌ಗೆ ಪಿಒ ಷರತ್ತುಗಳನ್ನು ಕನ್ನಡದಲ್ಲಿ ಕೂರಿಸಿ ಹೇಳುವುದನ್ನೂ ನಾನು ಇದೇ ಕೆಲಸದ ಭಾಗ ಅಂದುಕೊಂಡಿದ್ದೇನೆ. ನಾಳೆ ಜಗಳವಾದಾಗ ‘ನನಗೆ ಗೊತ್ತೇ ಇರಲಿಲ್ಲ’ ಅನ್ನುವ ಮಾತಿನಿಂದಲೇ ಅರ್ಧ ಖಟ್ಲೆಗಳು ಶುರುವಾಗುತ್ತವೆ.

ಈಗ ಯಾರೂ ಮಾತಾಡದ ಭಾಗ. ವ್ಯವಹಾರದ ಒಳಗೆ ಪೂರ್ತಿ ಇಳಿದ ವಕೀಲನಿಗೆ ಒಂದು ಅಪಾಯ ಇದೆ. ಅವನು ತಂಡದವನಾಗಿಬಿಡುತ್ತಾನೆ. ಟಾರ್ಗೆಟ್ ತನ್ನದೂ ಅನ್ನಿಸಲು ಶುರುವಾಗುತ್ತದೆ. ಆಗ ‘ಇದು ಬೇಡ’ ಅನ್ನುವ ಮಾತು ಗಂಟಲಲ್ಲೇ ನಿಂತುಬಿಡುತ್ತದೆ.

ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ನಡೆದದ್ದನ್ನು ನಮ್ಮ ಲಾ ಕಾಲೇಜುಗಳಲ್ಲಿ ಕಡ್ಡಾಯವಾಗಿ ಹೇಳಬೇಕು. ಅವರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ ಸಡಿಲ. ಮೊಣಕಾಲು ತಾಗಿದರೆ, ಕೀ ಗೊಂಚಲು ಸ್ವಲ್ಪ ಭಾರವಾದರೆ ಸ್ವಿಚ್ ಜಾರಿ, ಓಡುತ್ತಿರುವಾಗಲೇ ಎಂಜಿನ್ ನಿಲ್ಲುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. ವರ್ಷಗಟ್ಟಲೆ ಕೇಸುಗಳು ಬರುತ್ತಲೇ ಇದ್ದವು. ಕಂಪನಿಯ ಒಳಗಿನ ವಕೀಲರು ಒಂದೊಂದನ್ನೇ ಪರಿಹಾರ ಕೊಟ್ಟು ಇತ್ಯರ್ಥ ಮಾಡುತ್ತಾ ಹೋದರು. ಒಂದೊಂದು ಕೇಸ್ ಆಗಿ ನೋಡಿದರೆ ಒಳ್ಳೆಯ ಕೆಲಸವೇ, ಖರ್ಚು ಕಡಿಮೆ, ಸುದ್ದಿ ಆಗುವುದಿಲ್ಲ. ಆದರೆ ಈ ಕಾರನ್ನು ರಸ್ತೆಯಿಂದ ವಾಪಸ್ ಕರೆಸಬೇಕು ಅನ್ನುವ ಮಾತು ಮೇಲಿನವರಿಗೆ ಮುಟ್ಟಲೇ ಇಲ್ಲ, ಅವರದೇ ವಿಭಾಗದ ಮುಖ್ಯಸ್ಥರಾಗಿದ್ದ ಜನರಲ್ ಕೌನ್ಸೆಲ್‌ಗೇ ವಿಷಯ ಸರಿಯಾದ ಹೊತ್ತಿಗೆ ಹೋಗಿರಲಿಲ್ಲ ಅಂತ 2014ರಲ್ಲಿ ಕಂಪನಿ ತಾನೇ ಮಾಡಿಸಿದ ತನಿಖೆಯಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಜನ ಸತ್ತಿದ್ದರು. ಕಂಪನಿ ಸ್ಥಾಪಿಸಿದ ಪರಿಹಾರ ನಿಧಿಯೇ ಒಪ್ಪಿಕೊಂಡ ಸಾವುಗಳು 124. ಮರುವರ್ಷ ಸರ್ಕಾರದೊಂದಿಗಿನ ಒಪ್ಪಂದದಲ್ಲಿ 90 ಕೋಟಿ ಡಾಲರ್ ಕಟ್ಟಬೇಕಾಯಿತು. ಕೆಲಸ ಕಳೆದುಕೊಂಡ 15 ಜನರಲ್ಲಿ ವಕೀಲರೂ ಇದ್ದರು. ಆ ವಕೀಲರು ಕೆಟ್ಟವರೇನೂ ಆಗಿರಲಿಕ್ಕಿಲ್ಲ. ಅವರು ಕಂಪನಿಗೆ ಬೇಕಾದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದರು, ಅದೇ ಸಮಸ್ಯೆ.

ಈಗ ಸುಪ್ರೀಂ ಕೋರ್ಟ್ ವಿಷಯಕ್ಕೆ ಬರುತ್ತೇನೆ. 2025ರಲ್ಲಿ ತನಿಖಾ ಸಂಸ್ಥೆಗಳು ಕಕ್ಷಿದಾರರಿಗೆ ಸಲಹೆ ಕೊಟ್ಟ ವಕೀಲರಿಗೇ ಸಮನ್ಸ್ ಕಳಿಸಲು ಶುರು ಮಾಡಿದವು. ಹಿರಿಯ ವಕೀಲರಾದ ಅರವಿಂದ ದಾತಾರ್, ಪ್ರತಾಪ್ ವೇಣುಗೋಪಾಲ್ ಅವರಿಗೆ ಜಾರಿ ನಿರ್ದೇಶನಾಲಯದಿಂದ ಸಮನ್ಸ್ ಹೋದಾಗ ದೇಶದ ಬಾರ್ ಎಲ್ಲ ಎದ್ದು ನಿಂತಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು 2025ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟಿತು. ಕಕ್ಷಿದಾರ ವಕೀಲನಿಗೆ ಹೇಳಿದ ಮಾತು ಗುಟ್ಟು, ಅದನ್ನು ಸುಮ್ನೆ ಕೆದಕುವಂತಿಲ್ಲ ಅಂತ ಗಟ್ಟಿಯಾಗಿ ಹೇಳಿತು. ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ಅದೇ ತೀರ್ಪಿನ ಕೊನೆಯ ಕಡೆ ನಮ್ಮ ಬಗ್ಗೆಯೂ ಬರೆದಿದೆ. ಕಂಪನಿಯ ಸಂಬಳದ ವಕೀಲನಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಈ ರಕ್ಷಣೆ ಇಲ್ಲ, ಯಾಕೆಂದರೆ ಅವನು ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡುವ ವಕೀಲ ಅಲ್ಲ. ಕಂಪನಿ ಹೊರಗಿನ ಕಾನೂನು ಸಲಹೆಗಾರರಿಗೆ ಏನಾದರೂ ತಿಳಿಸಿದ್ದರೆ ಅದಕ್ಕೆ 134ನೇ ಕಲಮಿನ ರಕ್ಷಣೆ ಸಿಗುತ್ತದೆ. ಕಂಪನಿ ಮತ್ತು ಅದರ ಒಳಗಿನ ವಕೀಲನ ನಡುವಿನ ಮಾತಿಗೆ ಸಿಗುವುದಿಲ್ಲ.

ಕಾರಣವಾಗಿ ಕೋರ್ಟ್ ಹೇಳಿದ್ದು ಇನ್ನೂ ಚುಚ್ಚುತ್ತದೆ. ಸಂಬಳ ಕೊಡುವವರ ವ್ಯವಹಾರದ ಲೆಕ್ಕಾಚಾರಕ್ಕೆ ಈ ವಕೀಲ ಒಳಗಾಗಿರುತ್ತಾನೆ, ಹೊರಗಿನ ವಕೀಲನಷ್ಟು ಸ್ವತಂತ್ರ ಅಲ್ಲ ಅನ್ನುವುದು ಅದರ ಒಟ್ಟು ಅರ್ಥ. ಯುರೋಪಿನ ನ್ಯಾಯಾಲಯವೂ 2010ರಲ್ಲಿ ಅಕ್ಜೊ ನೊಬೆಲ್ ಕಂಪನಿಯ ಪ್ರಕರಣದಲ್ಲಿ ಸ್ಪರ್ಧಾ ಕಾನೂನಿನ ತನಿಖೆಗಳ ಮಟ್ಟಿಗೆ ಇಂಥದ್ದೇ ಮಾತು ಹೇಳಿತ್ತು. ಅಮೆರಿಕದಲ್ಲಿ ಒಳಗಿನ ವಕೀಲನ ಸಲಹೆಗೂ ರಕ್ಷಣೆ ಇದೆ. ನಾವು ಯುರೋಪಿನ ದಾರಿ ಹಿಡಿದಿದ್ದೇವೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಗಳು ನಮಗೆ ಹೇಳುತ್ತಿರುವುದು: ಹೆಚ್ಚು ಹೆಚ್ಚು ವ್ಯವಹಾರದವರಾಗಿ. ಕೋರ್ಟ್ ಹೇಳುತ್ತಿರುವುದು: ನೀವು ವ್ಯವಹಾರದವರು, ಹಾಗಾಗಿ ವಕೀಲರಿಗೆ ಸಿಗುವ ರಕ್ಷಣೆ ನಿಮಗೆ ಇಲ್ಲ. ಇದರ ಬಿಸಿ ತಟ್ಟುವುದು ನಮಗಿಂತ ಜಾಸ್ತಿ ಕಂಪನಿಗೇ. ಪ್ಲಾಂಟ್ ಮ್ಯಾನೇಜರ್ ಒಬ್ಬ ‘ನಮ್ಮಲ್ಲಿ ಹೀಗೊಂದು ತಪ್ಪಾಗಿದೆ, ಏನು ಮಾಡೋಣ?’ ಅಂತ ನನಗೆ ಮೇಲ್ ಬರೆದರೆ ನಾಳೆ ತನಿಖೆಯಲ್ಲಿ ಆ ಮೇಲ್ ಕೇಳಬಹುದು. ಇದು ಗೊತ್ತಾದ ಮೇಲೆ ಅವನು ಬರೆಯುತ್ತಾನಾ? ಫೋನ್ ಮಾಡುತ್ತಾನೆ, ಇಲ್ಲವೇ ಸುಮ್ಮನಿರುತ್ತಾನೆ. ಜನರಲ್ ಮೋಟಾರ್ಸ್‌ನಂಥ ಕಡೆ ಬೇಗ ಹೊರಬರಬೇಕಿದ್ದ ಮಾತು ಇದೇ ರೀತಿಯದ್ದು. ದೊಡ್ಡ ಕಂಪನಿಗಳು ಸೂಕ್ಷ್ಮ ವಿಷಯವನ್ನೆಲ್ಲ ಹೊರಗಿನ ಲಾ ಫರ್ಮ್ ಮೂಲಕ ಕಳಿಸಿ, ಗಂಟೆ ಲೆಕ್ಕದಲ್ಲಿ ಫೀಸ್ ಕಟ್ಟಿ ಬಚಾವಾಗುತ್ತವೆ. ಒಬ್ಬನೇ ಒಬ್ಬ ಲೀಗಲ್ ಮ್ಯಾನೇಜರ್ ಇಟ್ಟುಕೊಂಡ ಬೊಮ್ಮಸಂದ್ರದ ಮಧ್ಯಮ ಕಂಪನಿ ಏನು ಮಾಡಬೇಕು?

ತೀರ್ಪಿನ ಬಗ್ಗೆ ನನ್ನ ಜತೆಗಾರರು ಬಹಳ ಸಿಟ್ಟಾಗಿದ್ದಾರೆ. ನನಗೆ ಬೇಸರ ಇದೆ, ಸಿಟ್ಟಿಲ್ಲ. ಯಾಕೆಂದರೆ ಕೋರ್ಟ್ ನಮ್ಮಲ್ಲಿ ಕಂಡ ಕೊರತೆ ಇರುವುದು ಹೌದು. ಎಷ್ಟೋ ಕಂಪನಿಗಳಲ್ಲಿ ಲೀಗಲ್ ಮುಖ್ಯಸ್ಥ ವರದಿ ಮಾಡುವುದು ಫೈನಾನ್ಸ್ ಮುಖ್ಯಸ್ಥರಿಗೆ, ಕೆಲವು ಕಡೆ ನೇರ ಬಿಸಿನೆಸ್ ಹೆಡ್‌ಗೆ. ಅಪ್ರೈಸಲ್ ಫಾರಂನಲ್ಲಿ ‘ಡೀಲ್ ಎಷ್ಟು ಬೇಗ ಮುಗಿಸಿದಿರಿ’ ಅಂತ ಒಂದು ಕಾಲಂ ಇರುತ್ತದೆ, ‘ಯಾವ ಡೀಲ್ ತಡೆದು ಕಂಪನಿ ಉಳಿಸಿದಿರಿ’ ಅನ್ನುವ ಕಾಲಂ ನಾನಂತೂ ಕಂಡಿಲ್ಲ. ಬೋನಸ್ಸು ಸೇಲ್ಸ್ ಅಂಕಿಗೆ ಕಟ್ಟಿರುತ್ತದೆ. ಕಾನೂನಿನಲ್ಲೂ ನಮಗೆ ಜಾಗ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ಕಂಪನಿ ಸೆಕ್ರೆಟರಿ, ಸಿಎಫ್‌ಒ (ಫೈನಾನ್ಸ್ ಮುಖ್ಯಸ್ಥ) ಇವರೆಲ್ಲ ಪ್ರಮುಖ ಹುದ್ದೆಯವರು. ಅವರ ನೇಮಕಕ್ಕೆ ಬೋರ್ಡ್ ನಿರ್ಣಯ ಬೇಕು, ಹುದ್ದೆ ಖಾಲಿಯಾದರೆ ಆರು ತಿಂಗಳೊಳಗೆ ತುಂಬಬೇಕು. ಜನರಲ್ ಕೌನ್ಸೆಲ್ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಒಬ್ಬ ವಕೀಲ ಬೇಡ ಅಂದಿದ್ದಕ್ಕೆ ಅವನನ್ನು ಶುಕ್ರವಾರ ಸಂಜೆ ಮನೆಗೆ ಕಳಿಸಿದರೆ ಬೋರ್ಡಿಗೆ ತಿಳಿಯಬೇಕಾದ ಅಗತ್ಯವೂ ಇಲ್ಲ.

ಇದನ್ನು ಸರಿ ಮಾಡಲು ಸಂಸತ್ತಿನ ತನಕ ಕಾಯಬೇಕಿಲ್ಲ. ನಮ್ಮವನನ್ನು ಎಂಡಿಗೆ ಮತ್ತು ಬೋರ್ಡಿಗೆ ನೇರ ವರದಿ ಮಾಡುವ ಹಾಗೆ ಇಡಿ. ಅವನ ಬೋನಸ್ಸನ್ನು ಸೇಲ್ಸ್‌ನಿಂದ ಬಿಡಿಸಿ. ವರ್ಷಕ್ಕೆ ಕೆಲವು ಸಲವಾದರೂ ಸ್ವತಂತ್ರ ನಿರ್ದೇಶಕರು ಮ್ಯಾನೇಜ್‌ಮೆಂಟಿನವರು ಇಲ್ಲದಾಗ ಅವನ ಜತೆ ಕೂತು ಮಾತಾಡಲಿ, ಆಡಿಟರ್‌ಗಳ ಜತೆ ಮಾತಾಡುವುದಿಲ್ಲವೇ ಹಾಗೆ. ತೆಗೆಯುವುದಾದರೆ ಕಾರಣ ಬೋರ್ಡಿನ ಮುಂದೆ ಬರಲಿ. ಇದಿಷ್ಟೂ ಒಂದು ಬೋರ್ಡ್ ಮೀಟಿಂಗಿನಲ್ಲಿ ಮುಗಿಯುವ ಕೆಲಸ. ಇದು ಬೇಡ, ಪಾರ್ಟ್‌ನರ್ ಅನ್ನುವ ಹೆಸರು ಮಾತ್ರ ಇರಲಿ ಅನ್ನುವ ಕಂಪನಿಗೆ ಬೇಕಾಗಿರುವುದು ಸಹಿ ಹಾಕುವ ಕೈ. ಸ್ವತಂತ್ರವಾಗಿ ನಡೆದುಕೊಳ್ಳುವ ಲೀಗಲ್ ವಿಭಾಗಗಳು ದೇಶದಲ್ಲಿ ಸಾಕಷ್ಟಿವೆ ಅಂತ ತೋರಿಸಿದರೆ ಮುಂದೊಂದು ದಿನ ರಕ್ಷಣೆ ಕೇಳಲು ನಮಗೆ ಬಾಯಿ ಇರುತ್ತದೆ. ಈಗ ಕೇಳಿದರೆ ಕೋರ್ಟ್ ಮತ್ತೆ ಅದೇ ಮಾತು ಹೇಳುತ್ತದೆ.

ಇನ್ನು ನಿಮ್ಮ ಲೇಖನ ಓದಿ ಕಂಪನಿ ಸೇರಲು ಹೊರಟಿರುವ ಮಕ್ಕಳಿಗೆ ಒಂದು ವಿಷಯ ಹೇಳಲೇಬೇಕು, ಲೇಖನದಲ್ಲಿ ಅದು ಬಿಟ್ಟುಹೋಗಿತ್ತು. ಪೂರ್ಣಾವಧಿ ಸಂಬಳದ ಕೆಲಸ ಸೇರಿದ ದಿನ ನೀವು ವಕೀಲಿಕೆ ನಿಲ್ಲಿಸಬೇಕು. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಅದನ್ನೇ ಹೇಳುತ್ತದೆ. ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿ ಇಡಬೇಕು. ಕೆಲವರು ತಿಳಿಸದೆ ಎರಡೂ ಕಡೆ ಇರುತ್ತಾರೆ, ಅದು ಗೊತ್ತಾದರೆ ಶಿಸ್ತು ಕ್ರಮ. ಕಂಪನಿಯ ವರ್ಷಗಳು ವಕೀಲಿಕೆಯ ಅನುಭವ ಅಂತ ಲೆಕ್ಕಕ್ಕೆ ಬರುವುದಿಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಬಾರ್‌ನಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಸಂವಿಧಾನವೇ ಏಳು ವರ್ಷ ಕೇಳುತ್ತದೆ. ಜಡ್ಜ್ ಆಗುವ ಆಸೆ ಇರುವವರು ಇದನ್ನು ಮೊದಲೇ ಯೋಚಿಸಿ. ಸಾಧ್ಯವಾದರೆ ಕೆಲವು ವರ್ಷ ಕೋರ್ಟಿನಲ್ಲಿ ಕಳೆದು ಆಮೇಲೆ ಕಂಪನಿಗೆ ಬನ್ನಿ. ಒಂದು ಸಾಲು ಬರೆದರೆ ಅದು ಪಾಟಿ ಸವಾಲಿನಲ್ಲಿ ಹೇಗೆ ಕೇಳಿಸುತ್ತದೆ ಅಂತ ನೋಡದವರು ಅಗ್ರಿಮೆಂಟ್ ಬರೆಯುವುದು ಕಷ್ಟ. ಕಂಪನಿಗೆ ಬಂದ ಮೇಲೆ ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಯಿರಿ, ಫ್ಯಾಕ್ಟರಿ ಒಳಗೆ ಓಡಾಡಿ, ಸೇಲ್ಸ್‌ನವರ ಜತೆ ಒಂದು ದಿನ ಬೈಕಿನಲ್ಲಿ ಸುತ್ತಿ. ಕೆಲಸ ಚೆನ್ನಾಗಿದೆ, ಸಂಬಳವೂ ಜೂನಿಯರ್ ವಕೀಲರಿಗಿಂತ ಎಷ್ಟೋ ವಾಸಿ. ಇಂಟರ್‌ವ್ಯೂನಲ್ಲಿ ಸಂಬಳ ಕೇಳುವ ಮೊದಲು ‘ನಾನು ಯಾರಿಗೆ ವರದಿ ಮಾಡಬೇಕು?’ ಅಂತ ಕೇಳಿ.

ನಿಮ್ಮ ಉದ್ಯೋಗ ಪುಟದಲ್ಲಿ ಈ 49ನೇ ನಿಯಮದ ಬಗ್ಗೆ ಒಂದು ಪುಟ್ಟ ಬಾಕ್ಸ್ ಆದರೂ ಹಾಕಿ. ಮತ್ತೆ, ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ. ಪತ್ರಿಕೆಗಳಿಗೆ ಬರೆಯಲು ನಮ್ಮ ಕಂಪನಿಯಲ್ಲಿ ಮೊದಲು ಒಪ್ಪಿಗೆ ಪಡೆಯಬೇಕು, ಆ ನಿಯಮ ಬರೆದದ್ದು ನಮ್ಮ ವಿಭಾಗವೇ.

ಇತಿ,
ಕಂಪನಿ ವಕೀಲ, ಬೆಂಗಳೂರು